ಸ್ವಿಚ್ ಆಫ್ ಆಗಿದೆ ಅಂದದ್ದು ಯಾರು

ಚಾಂಗಿ ಏರ್‌ಪೋರ್ಟ್

ಸಿಂಗಪುರದಲ್ಲಿ ಏನೇನು ನೋಡಿದೆ ಅಂತ ಕೇಳುವವರಿಗೆ ನನ್ನ ಉತ್ತರ ರೆಡಿ ಇದೆ: ಕಿಟಕಿಯಿಲ್ಲದ ಒಂದು ಮೀಟಿಂಗ್ ರೂಮು ನೋಡಿದೆ. ಸಿಂಹದ ಬಾಯಿಂದ ನೀರು ಬೀಳುತ್ತದಂತಲ್ಲ, ಅದನ್ನು ನೋಡಲಿಲ್ಲ. ಮೂರು ಕಟ್ಟಡದ ತಲೆ ಮೇಲೆ ದೋಣಿ ಹೊತ್ತಿರುವ ಹೋಟೆಲ್ಲನ್ನು ಟ್ಯಾಕ್ಸಿಯಿಂದ ನೋಡಿದೆ, ಅದೂ ಡ್ರೈವರ್ ತೋರಿಸಿದ್ದಕ್ಕೆ. ಮೈಸೂರಿನಲ್ಲಿರುವ ನನ್ನ ವಾರಗಿತ್ತಿ ಇದನ್ನು ಕೇಳಿ, "ಅಷ್ಟು ದೂರ ಹೋಗಿ ರೂಮು ನೋಡ್ಕೊಂಡು ಬಂದ್ಯಾ? ನಮ್ಮನೇಲಿ ಇರಲಿಲ್ವಾ?" ಅಂದಳು. ಅವಳಿಗೆ ಪೂರ್ತಿ ಕಥೆ ಹೇಳಿಲ್ಲ. ಇಲ್ಲಿ ಹೇಳುತ್ತೇನೆ, ಜನರ ಹೆಸರು ಮಾತ್ರ ಬದಲಾಯಿಸಿದ್ದೇನೆ.

ನಾನು ಬೆಂಗಳೂರಿನ ಒಂದು ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರು. ಒಂದು ನೆಟ್‌ವರ್ಕು ಇನ್ನೊಂದರ ಜೊತೆ ಮಾತಾಡುವಾಗ ಯಾವ ಅಂಕಿಗೆ ಯಾವ ಅರ್ಥ ಅನ್ನುವುದನ್ನು ಎಲ್ಲ ದೇಶದ ಎಂಜಿನಿಯರುಗಳೂ ಕೂತು ಒಪ್ಪಿಕೊಳ್ಳಬೇಕು, ಅದಕ್ಕೇ ಈ ಮೀಟಿಂಗುಗಳು. ನೀವು ಯಾರಿಗೋ ಫೋನ್ ಮಾಡುತ್ತೀರಿ, ಅವರು ಸಿಗುವುದಿಲ್ಲ ಅಂತಿಟ್ಟುಕೊಳ್ಳಿ. ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಒಂದು ಪುಟ್ಟ ಅಂಕಿ ಬರುತ್ತದೆ. ಆ ಅಂಕಿಯನ್ನು ನೋಡಿಕೊಂಡು ಒಬ್ಬ ಹೆಂಗಸು ನಿಮ್ಮ ಕಿವಿಯಲ್ಲಿ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅಂತಲೋ "ಸ್ವಿಚ್ ಆಫ್ ಆಗಿದೆ" ಅಂತಲೋ ಹೇಳುತ್ತಾಳೆ. ನಾನು ತೆಗೆದುಕೊಂಡು ಹೋಗಿದ್ದ ಪ್ರಸ್ತಾವ ಇಷ್ಟೇ: ಈ ಎರಡು ಅಂಕಿಗಳನ್ನು ಸೇರಿಸಿ ಒಂದೇ ಮಾಡಿಬಿಡೋಣ. ಸಿಗಲಿಲ್ಲ ಅಂದರೆ ಸಿಗಲಿಲ್ಲ, ಯಾಕೆ ಅಂತ ಕಟ್ಟಿಕೊಂಡು ಯಾರಿಗೇನಾಗಬೇಕು? ವಾರದಲ್ಲಿ ಒಪ್ಪಿಸಿಕೊಂಡು ಬನ್ನಿ ಅಂತ ಬಾಸು ಕಳಿಸಿದ್ದರು.

ಇಳಿದ ಕೂಡಲೇ ಮೊದಲ ಎಡವಟ್ಟು. ನಮ್ಮ ಟ್ರಾವೆಲ್ ಡೆಸ್ಕಿನ ಪುಣ್ಯಾತ್ಮರು ಹೋಟೆಲ್ಲನ್ನು ಮುಂದಿನ ತಿಂಗಳಿಗೆ ಬುಕ್ ಮಾಡಿದ್ದರು. ರಿಸೆಪ್ಷನ್ನಿನ ಹುಡುಗಿ ನಗುನಗುತ್ತಲೇ "ನೆಕ್ಸ್ಟ್ ಮಂತ್, ಮೇಡಂ" ಅಂದಳು. ತಿಂಗಳ ತನಕ ಸೂಟ್‌ಕೇಸಿನ ಮೇಲೆ ಕೂತಿರಲೇನು? ಬೆಂಗಳೂರಿಗೆ ಫೋನ್ ಹಚ್ಚಿ ಬಾಯಿಗೆ ಬಂದಹಾಗೆ ಬೈದೆ. ಸಹೋದ್ಯೋಗಿ ಮಮತಾ ಸಮಾಧಾನ ಮಾಡಿ, ತನ್ನ ಚಿಕ್ಕಪ್ಪನ ಮಗಳು ಅಶ್ವಿನಿ ಹೌಗಾಂಗ್‌ನಲ್ಲಿದ್ದಾಳೆ, ರೂಮು ಖಾಲಿ ಇದೆ, ಹೋಗಿ ಅಂದಳು. "ಅವಳ ಗಂಡ?" ಅಂದೆ. ಮಮತಾ "ಅಲ್ಲಿಗೆ ಹೋದ್ಮೇಲೆ ಗೊತ್ತಾಗುತ್ತೆ" ಅಂದಳು.

ಹೌಗಾಂಗ್

ಹೌಗಾಂಗ್ ಅಂದರೆ ಸಾಲುಸಾಲಾಗಿ ನಿಂತ ಸರ್ಕಾರಿ ಫ್ಲಾಟುಗಳ ಊರು. ಕಿಟಕಿಯಿಂದ ಹೊರಕ್ಕೆ ಚಾಚಿದ ಬಿದಿರಿನ ಗಳದ ಮೇಲೆ ಬಟ್ಟೆ, ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡು, ಕೆಲವು ಬಾಗಿಲ ಪಕ್ಕ ಊದುಬತ್ತಿ ಚುಚ್ಚಿದ ಕೆಂಪು ಡಬ್ಬಿ. ಲಿಫ್ಟಿನಿಂದ ಹೊರಗೆ ಬಂದು ಕಾರಿಡಾರಿನಲ್ಲಿ ನಡೆಯುವಾಗ ಚೀನೀ ಟೀವಿಯ ಸದ್ದು, ಮಲಯ್ ಮಾತು, ತಮಿಳು ಹಾಡು ಎಲ್ಲ ದಾಟಿ ಹೋದೆ. ಆಮೇಲೆ ಕೊನೆಯ ಮನೆಯ ಕಿಟಕಿಯಿಂದ ಸ್ಪಷ್ಟವಾದ ಕನ್ನಡದಲ್ಲಿ ಒಬ್ಬ ಹೆಂಗಸು ಹೇಳಿದಳು: "ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

ಊರು ಬಿಟ್ಟು ಇಷ್ಟು ದೂರ ಬಂದರೆ ಇವಳು ಇಲ್ಲೂ ಇದ್ದಾಳಲ್ಲ ಅಂತ ನಗು ಬಂತು. ಕಿಟಕಿಯೊಳಗೆ ಇಣುಕಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಮಡಿಲಲ್ಲಿ ಫೋನು, ಸ್ಪೀಕರ್ ಆನ್. ಪ್ರಕಟಣೆ ಮತ್ತೆ ಮತ್ತೆ ಬಂದು ಲೈನು ತಾನಾಗಿಯೇ ಕಟ್ಟಾಗುವ ತನಕ ಕಿವಿಗೊಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬಂದ್ರಾ? ಒಳಗೆ ಬನ್ನಿ. ನನ್ನ ಮಗ ಏರಿಯಾದ ಹೊರಗೆ ಇದ್ದಾನೆ" ಅಂದರು. ಮಗ ಸ್ನಾನಕ್ಕೆ ಹೋಗಿದ್ದಾನೆ ಅನ್ನುವ ಹಾಗೆ ಹೇಳಿದ್ದು ಕೇಳಿ ನನ್ನ ನಗು ಅಲ್ಲೇ ನಿಂತಿತು.

ಇವರು ಜಲಜಮ್ಮ, ಅಶ್ವಿನಿಯ ಅತ್ತೆ, ಉಡುಪಿ ಕಡೆಯವರು. ಅಶ್ವಿನಿ ಬ್ಯಾಂಕಿನಲ್ಲಿ ಕೆಲಸ ಮಾಡುವ, ನಲವತ್ತರ ಹತ್ತಿರದ ಹೆಣ್ಣುಮಗಳು. ಮೊದಲ ಮಾತಿಗೇ ನನ್ನನ್ನು ಆಂಟಿ ಮಾಡಿದಳು. ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಾ ದನಿ ತಗ್ಗಿಸಿ ವಿಷಯ ಹೇಳಿದಳು. ಅವಳ ಗಂಡ ಪ್ರಶಾಂತ್ ಸರಕು ಹಡಗಿನಲ್ಲಿ ಎಂಜಿನಿಯರು. ಹೋದ ವರ್ಷ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಕೆಲವರು ಸಿಕ್ಕಿದರು, ಪ್ರಶಾಂತ್ ಸಿಗಲಿಲ್ಲ.

"ಕಂಪನಿಯವರು ಮಿಸ್ಸಿಂಗ್ ಅಂದ್ರು. ಆಫೀಸರ್ಸ್ ಬಂದು ಮಿಸ್ಸಿಂಗ್ ಅಂದ್ರು. ಅತ್ತೆ ದಿನಾ ಸಂಜೆ ಪ್ರಶಾಂತ್ ಅವರ ಮಂಗಳೂರು ನಂಬರಿಗೆ ಕಾಲ್ ಮಾಡ್ತಾರೆ, ರೀಚಾರ್ಜ್ ಕೂಡ ತಪ್ಪಿಸಲ್ಲ. ಅದು ಔಟ್ ಆಫ್ ಏರಿಯಾ ಅನ್ನುತ್ತೆ. ಸಮುದ್ರದಲ್ಲಿ ಇರೋನು ಏರಿಯಾದ ಹೊರಗೇ ಇರ್ತಾನಲ್ವಾ ಅಂತಾರೆ. ಏನು ಹೇಳ್ಲಿ ಆಂಟಿ? ಈ ಸಲ ಮಹಾಲಯಕ್ಕಾದ್ರೂ ಊರಿಗೆ ಹೋಗಿ ಅವರ ಕಾರ್ಯ ಮುಗಿಸೋಣ ಅಂದ್ರೆ ಒಪ್ಪಲ್ಲ. ನಂಗೆ ಅಳೋಕೂ ಬಿಡಲ್ಲ, ಅತ್ತರೆ ಅಪಶಕುನ ಅಂತಾರೆ."

ಅವಳ ಹಣೆಯಲ್ಲಿ ಕುಂಕುಮ ಇತ್ತು. ಕಾವಲಿಯ ಮೇಲೆ ದೋಸೆ ಸೀಯುವ ವಾಸನೆ ಬಂದರೂ ಇಬ್ಬರೂ ತೆಗೆಯಲಿಲ್ಲ.

ಟೋವಾ ಪಾಯೋ

ಮೀಟಿಂಗು ಟೋವಾ ಪಾಯೋದ ಒಂದು ಆಫೀಸು ಕಟ್ಟಡದಲ್ಲಿ. ಮೊದಲ ದಿನ ಮಧ್ಯಾಹ್ನ ಪಕ್ಕದ ಹಾಕರ್ ಸೆಂಟರಿಗೆ, ಅಂದರೆ ಸಾಲು ತಿಂಡಿ ಅಂಗಡಿಗಳ ಜಾಗಕ್ಕೆ, ಊಟಕ್ಕೆ ಹೋದೆ. ಜನವೋ ಜನ. ಒಂದು ಟೇಬಲ್ ಮಾತ್ರ ಖಾಲಿ, ಅದರ ಮೇಲೆ ಯಾರೋ ಮರೆತು ಹೋದ ಟಿಶ್ಯೂ ಪ್ಯಾಕೆಟ್ಟು. ಕೂತೆ, ಟಿಶ್ಯೂ ತೆಗೆದು ಕೈಯನ್ನೂ ಒರೆಸಿಕೊಂಡೆ. ಟ್ರೇ ಹಿಡಿದು ಬಂದ ಒಂದು ಗುಂಪು ನಾನು ಅವರ ಮನೆಯ ಬೀಗ ಒಡೆದ ಹಾಗೆ ನನ್ನನ್ನು ನೋಡಿತು. ಅಲ್ಲಿ ಟಿಶ್ಯೂ ಇಟ್ಟರೆ ಜಾಗ ಹಿಡಿದ ಹಾಗಂತೆ. ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತೇವಲ್ಲ, ಅದೇ. ಆದರೆ ನಮ್ಮಲ್ಲಿ ಟವೆಲ್ ತೆಗೆದು ಜಗಳಕ್ಕೆ ನಿಲ್ಲುವವರೂ ಇರುತ್ತಾರೆ, ಅಲ್ಲಿ ಎಲ್ಲರೂ ಮಾತಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದಾರೆ.

ನಮ್ಮ ಮೀಟಿಂಗಿನಲ್ಲೂ ಹಾಗೇ, ಒಪ್ಪಿಗೆಗೆ ಮಾತು ಬೇಕಿಲ್ಲ. ಕೈ ಎತ್ತುವುದು, ಓಟು ಹಾಕುವುದು ಏನೂ ಇಲ್ಲ. ಅಧ್ಯಕ್ಷೆ ಮಿಸ್ ಲಿಮ್, ಬಹಳ ಚುರುಕು ಹೆಂಗಸು, ಪ್ರಸ್ತಾವವನ್ನು ಪರದೆ ಮೇಲೆ ತೋರಿಸಿ "ಆಕ್ಷೇಪ ಇದೆಯಾ?" ಅನ್ನುತ್ತಿದ್ದರು. ಯಾರೂ ಬಾಯಿ ಬಿಡದಿದ್ದರೆ ಆಯಿತು, ಜಗತ್ತಿನ ಎಲ್ಲ ಫೋನುಗಳಿಗೂ ಅದೇ ಕಾನೂನು. ಹಿಂದೆ ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಹುಡುಗಿ ಸುಮ್ಮನೆ ತಲೆ ತಗ್ಗಿಸಿದರೆ ಒಪ್ಪಿದಳು ಅಂತ ತಿಳಿದುಕೊಳ್ಳುತ್ತಿರಲಿಲ್ಲವೇ, ಹಾಗೆ. ಎಷ್ಟೋ ವರ್ಷದಿಂದ ಇಂಥ ಮೀಟಿಂಗಿಗೆ ಹೋಗುತ್ತಿದ್ದೇನೆ, ಆ ಮೌನ ನನ್ನನ್ನು ಯಾವತ್ತೂ ಕಾಡಿರಲಿಲ್ಲ. ಆ ದಿನ ಕಾಡಿತು. ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತಿದ್ದಾರೆ, ಏಸಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ತಲೆಯಲ್ಲಿ ಮಾತ್ರ ಆ ಹೆಂಗಸು "ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಅನ್ನುತ್ತಲೇ ಇದ್ದಳು.

ಖಾಲಿ ಕುರ್ಚಿಯ ಸಾಲು

ನಾನು ಹೋದದ್ದು ಚೀನೀಯರ ಏಳನೇ ತಿಂಗಳು. ಸತ್ತವರೆಲ್ಲ ಆ ತಿಂಗಳು ಬಾಗಿಲು ತೆರೆದುಕೊಂಡು ಹೊರಗೆ ಬಂದು ತಿರುಗಾಡುತ್ತಾರಂತೆ. ಫ್ಲಾಟುಗಳ ಕೆಳಗೆ ದೊಡ್ಡ ದೊಡ್ಡ ತಗಡಿನ ಡಬ್ಬಿಗಳಲ್ಲಿ, ಸತ್ತವರಿಗೆ ತಲುಪಲಿ ಅಂತ, ಕಾಗದ ಸುಡುತ್ತಿದ್ದರು. ಎರಡನೇ ದಿನ ಸಂಜೆ ನಾವು ಮೂವರೂ ವಾಕಿಂಗ್ ಹೊರಟಾಗ ಒಬ್ಬಾತ ಆಫೀಸು ಬಟ್ಟೆಯಲ್ಲೇ ನಿಂತು ಕಾಗದದ ಶರಟು, ಕಾಗದದ ಶೂಸು, ಆಮೇಲೆ ಕಾಗದದ ಮೊಬೈಲು, ಅದರ ಕಾಗದದ ಚಾರ್ಜರು ಒಂದೊಂದಾಗಿ ಬೆಂಕಿಗೆ ಹಾಕುತ್ತಿದ್ದ.

ಜಲಜಮ್ಮ ನಿಂತುಬಿಟ್ಟರು. "ಇವರು ಫೋನೇ ಕಳಿಸ್ತಾರಾ! ನಂಬರ್ ಎಂತದು ಅಂತ ಇವರಿಗೆ ಹೇಗೆ ಗೊತ್ತಾಗುದು?" ಅಂದರು.

"ಅತ್ತೆ, ಬನ್ನಿ" ಅಂತ ಅಶ್ವಿನಿ ಕೈ ಹಿಡಿದು ಎಳೆದಳು.

ಮುಂದೆ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು, ವೇದಿಕೆ ಮೇಲೆ ಒಬ್ಬಳು ಮಿನುಗುವ ಬಟ್ಟೆ ತೊಟ್ಟು ಜೋರಾಗಿ ಹಾಡುತ್ತಿದ್ದಳು. ಹಿಂದೆ ಜನ ಕಿಕ್ಕಿರಿದು ನಿಂತಿದ್ದಾರೆ, ಮುಂದಿನ ಸಾಲಿನ ಕೆಂಪು ಕುರ್ಚಿಗಳೆಲ್ಲ ಖಾಲಿ. ಇಡೀ ದಿನ ಮೀಟಿಂಗಿನಲ್ಲಿ ಕೂತು ಸೊಂಟ ಬಿದ್ದುಹೋಗಿತ್ತು. ನಮ್ಮೂರಲ್ಲಾದರೆ ಮುಂದಿನ ಸಾಲು ಎಂಎಲ್‌ಎ ಸಾಹೇಬರಿಗೆ. ಇಲ್ಲಿ ಯಾವ ಎಂಎಲ್‌ಎ ಅಂದುಕೊಂಡು ನಡುಮಧ್ಯದ ಕುರ್ಚಿಯಲ್ಲಿ ಕೂತೇಬಿಟ್ಟೆ.

ಹಾಡುವವಳು ಅಲ್ಲಿಯವರೆಗೆ ಆ ಖಾಲಿ ಸಾಲನ್ನೇ ನೋಡಿ ನಗುತ್ತಾ, ಕೈ ಬೀಸುತ್ತಾ ಹಾಡುತ್ತಿದ್ದಳು. ಅವಳ ಕಣ್ಣು ಒಂದೊಂದೇ ಕುರ್ಚಿಯ ಮೇಲೆ ಹಾದು ಬಂದು ನನ್ನ ಮೇಲೆ ನಿಂತಿತು. ಹಾಡು ತಪ್ಪಿತು. ಹಿಂದಿನಿಂದ ಒಬ್ಬ ಚೀನೀ ಅಜ್ಜಿ ಬಂದು ನನ್ನ ಮೊಣಕೈ ಹಿಡಿದು ಮೆಲ್ಲಗೆ ಎಬ್ಬಿಸಿದರು. "ದಿಸ್ ಸೀಟ್ ನಾಟ್ ಫಾರ್ ಅಸ್, ಲಾ" ಅಂದರು. ಬೈಗುಳ ಇರಲಿಲ್ಲ, ಮಗುವನ್ನು ಬಾವಿಕಟ್ಟೆಯಿಂದ ಇಳಿಸುವವರ ಹಾಗೆ ಹೇಳಿದರು. ಆಮೇಲೆ ನಾನು ಕೂತಿದ್ದ ಕುರ್ಚಿಗೆ ತಲೆಬಾಗಿ ಏನೋ ಅಂದು ಕ್ಷಮೆ ಕೇಳಿಕೊಂಡರು. ಆಗ ಅರ್ಥವಾಯಿತು ಆ ಸಾಲು ಯಾರಿಗೆ ಅಂತ.

ನಮ್ಮಲ್ಲೂ ಮಹಾಲಯದಲ್ಲಿ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಅವರು ಉಣ್ಣಲಿ ಅಂತ ಹೊರಗೆ ಕೂರುತ್ತೇವೆ. ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ಇಣುಕಿ ಏಟು ತಿಂದಿದ್ದೇನೆ. ಇದನ್ನು ಅಶ್ವಿನಿಗೆ ಹೇಳಿ ನಗಿಸಲು ನೋಡಿದೆ. ಅವಳು ಜಲಜಮ್ಮನ ಕಡೆ ಕಣ್ಣು ತೋರಿಸಿದಳು. ಮುದುಕಿ ಆ ಕೆಂಪು ಕುರ್ಚಿಗಳನ್ನು, ಕೂತವರ ಮುಖ ನೋಡುವವರ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡುತ್ತಿದ್ದರು. ಕೊನೆಗೆ ಸಮಾಧಾನದಿಂದ, "ಇಲ್ಲ, ಅವ ಇಲ್ಲಿ ಇಲ್ಲ" ಅಂದರು.

ಪ್ರಕಟಣೆ ಬದಲಾದ ಸಂಜೆ

ಮೂರನೇ ದಿನ ಸಂಜೆ ನಾನು ಒಳಗೆ ಕಾಲಿಡುವಾಗಲೇ ಜಲಜಮ್ಮ ಡಯಲ್ ಮಾಡುತ್ತಿದ್ದರು. ದೇವರ ಮುಂದೆ ದೀಪ ಹಚ್ಚಿತ್ತು. ಅಶ್ವಿನಿ ಆಗಷ್ಟೇ ಆಫೀಸಿನಿಂದ ಬಂದು ಬ್ಯಾಗು ಇಳಿಸುತ್ತಿದ್ದಳು. ಅದೇ ಹೆಂಗಸಿನ ದನಿ ಬಂತು: "ನೀವು ಕರೆ ಮಾಡಿರುವ ಚಂದಾದಾರರ ಮೊಬೈಲ್ ಸ್ವಿಚ್ ಆಫ್ ಆಗಿದೆ."

ಬ್ಯಾಗು ಅಶ್ವಿನಿಯ ಕೈಯಿಂದ ಜಾರಿತು. ಜಲಜಮ್ಮ ಮತ್ತೆ ಡಯಲ್ ಮಾಡಿದರು. ಮತ್ತೆ ಅದೇ. ಇಷ್ಟು ತಿಂಗಳಿಂದ ಒಂದೇ ಮಾತು ಹೇಳಿದವಳು ಇವತ್ತು ಬೇರೆ ಮಾತು ಹೇಳುತ್ತಿದ್ದಾಳೆ.

"ನೋಡಿದ್ಯಾ ಅಶ್ವಿನಿ! ಹೇಳಿಲ್ವಾ ನಾನು? ಅವ ಫೋನು ಕೈಯಲ್ಲಿ ಹಿಡಿದಿದ್ದಾನೆ. ಕೈಯಲ್ಲಿ ಇಲ್ಲದೆ ಆಫ್ ಮಾಡ್ಲಿಕ್ಕೆ ಆಗ್ತದಾ?" ಮುದುಕಿಯ ಮುಖ ಅರಳಿಹೋಗಿತ್ತು. ನನ್ನ ಕಡೆ ತಿರುಗಿ, "ನೀವು ಇದೇ ಕೆಲಸದವರಲ್ವಾ ಮಾರಾಯ್ರೆ, ಹೇಳಿ ಇವಳಿಗೆ" ಅಂದರು.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಮ್ಮಂಥವರಿಗೆ ಒಂದು ಚಾಳಿ, ಅಂಕಿಯ ಅರ್ಥ ಯಾರಾದರೂ ಕೇಳಿದರೆ ಗಂಟಲಿನಿಂದ ತಾನಾಗೇ ಹೊರಗೆ ಬಂದುಬಿಡುತ್ತದೆ. ಹೇಳಿದೆ. ಹಡಗಿನಲ್ಲಿ ಅದರದ್ದೇ ಒಂದು ಪುಟ್ಟ ಟವರು ಇರುತ್ತದೆ. ಅದು ಕೂಗಿದಾಗ ಫೋನು ಉತ್ತರ ಕೊಡದಿದ್ದರೆ, ಅಥವಾ ಊರಿನ ನೆಟ್‌ವರ್ಕು ಕೇಳಿದಾಗ ಹಡಗೇ ಉತ್ತರ ಕೊಡದಿದ್ದರೆ, ಏರಿಯಾದ ಹೊರಗೆ. ಫೋನನ್ನು ನಾವು ಗುಂಡಿ ಒತ್ತಿ ಆಫ್ ಮಾಡಿದರೆ ಅದು ಆರುವ ಮುಂಚೆ "ನಾನು ಹೋಗಿ ಬರುತ್ತೇನೆ" ಅಂತ ತಾನೇ ಹೇಳಿ ಹೋಗುತ್ತದೆ. ಅದು ಸ್ವಿಚ್ ಆಫ್.

"ಹೋಗಿ ಬರ್ತೇನೆ ಅಂದಿದ್ದಾನೆ" ಅಂತ ಜಲಜಮ್ಮ ಫೋನನ್ನು ಎದೆಗೆ ಒತ್ತಿಕೊಂಡರು.

ಅಶ್ವಿನಿ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋದಳು. "ಅಂದ್ರೆ ಯಾರೋ ಅದನ್ನ ಆನ್ ಮಾಡಿ ಆಫ್ ಮಾಡಿದಾರೆ. ಪ್ರಶಾಂತ್ ಬದುಕಿದ್ರೆ, ನಂಗೆ ಒಂದು ಕಾಲ್ ಮಾಡದೆ ಆಫ್ ಮಾಡಿದಾರೆ ಅಂತ ತಾನೆ? ಒಂದು ವರ್ಷ ಎಲ್ಲೋ ಇದ್ದು, ನಾವು ಬೇಡ ಅಂತ... ಆಂಟಿ, ಅವರು ಸತ್ತಿದಾರೆ ಅಂತ ಹೇಗೋ ಸಹಿಸ್ಕೊಂಡಿದ್ದೆ. ಇದನ್ನ ಹೇಗೆ ಸಹಿಸ್ಕೊಳ್ಲಿ?"

ಕೆಳಗಿನಿಂದ ಸುಟ್ಟ ಕಾಗದದ ಬೂದಿ ಹಾರಿ ಬಂದು ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಒಳಗೆ ಮುದುಕಿ ಮತ್ತೆ ಡಯಲ್ ಮಾಡುವುದು ಕೇಳಿಸಿತು.

ಮತ್ತೆ ಟೋವಾ ಪಾಯೋ

ಮಾರನೇ ಬೆಳಿಗ್ಗೆ ಟೀ ಹೊತ್ತಿಗೆ ನಾನು ಹೆಂಕ್‌ನನ್ನು ಹಿಡಿದೆ. ಹೆಂಕ್ ಡಚ್ಚರವನು, ಬಿಳಿ ಗಡ್ಡ, ಹಡಗುಗಳಿಗೆ ಫೋನ್ ನೆಟ್‌ವರ್ಕು ಹಾಕುವ ಕೆಲಸದಲ್ಲೇ ಕೂದಲು ಹಣ್ಣು ಮಾಡಿಕೊಂಡವನು. ಯಾರ ಕಥೆ ಅಂತ ಹೇಳದೆ ಸುಮ್ಮನೆ ಕೇಳಿದೆ: ಒಂದು ವರ್ಷ ಏರಿಯಾದ ಹೊರಗಿದ್ದ ಫೋನು ಒಂದು ದಿನ ಸ್ವಿಚ್ ಆಫ್ ಆಗಬೇಕಾದರೆ ಯಾರಾದರೂ ಗುಂಡಿ ಒತ್ತಲೇಬೇಕೇ?

"ಬೇಕಿಲ್ಲ" ಅಂದ. ಒಂದು ಫೋನು ಬಹಳ ಕಾಲ ಕಾಣಿಸದಿದ್ದರೆ ಅದರ ಮಾಹಿತಿ ಇಟ್ಟುಕೊಂಡ ಎಕ್ಸ್‌ಚೇಂಜು ಅದನ್ನು ಅಳಿಸಿ, "ಇವನನ್ನು ನಾನು ಮರೆತಿದ್ದೇನೆ" ಅಂತ ಊರಿನ ನೆಟ್‌ವರ್ಕಿಗೆ ಒಂದು ಸಂದೇಶ ಕಳಿಸುತ್ತದೆ. ಊರಿನವರ ಹತ್ತಿರ ಪ್ರಕಟಣೆ ಇರುವುದು ಎರಡೇ. ಮರೆತವರಿಗೆ ಅಂತ ಮೂರನೆಯದು ಇಲ್ಲ. ಹಾಗಾಗಿ ಅವರನ್ನೂ ಸ್ವಿಚ್ ಆಫ್‌ಗೆ ಸೇರಿಸಿದ್ದಾರೆ.

"ಹಾಗಂತ ಯಾರು ತೀರ್ಮಾನ ಮಾಡಿದ್ದು?"

"ನಾವೇ. ಇಂಥದ್ದೇ ಒಂದು ರೂಮಿನಲ್ಲಿ. ಆಕ್ಷೇಪ ಇದೆಯಾ ಅಂದರು, ಎಲ್ಲರಿಗೂ ಊಟಕ್ಕೆ ಹೊತ್ತಾಗಿತ್ತು."

ನನಗೆ ಜೀವ ಬಂದ ಹಾಗಾಯಿತು. ಯಾರ ಕೈಯೂ ಇಲ್ಲ, ಗುಂಡಿಯೂ ಇಲ್ಲ, ಹೋಗಿ ಬರುತ್ತೇನೆ ಅಂತ ಯಾರೂ ಅಂದಿಲ್ಲ. ಅಶ್ವಿನಿಯ ಗಂಡ ಅವಳನ್ನು ಬಿಟ್ಟು ಹೋಗಿಲ್ಲ. ಅದೊಂದು ಮಾತು ಸಾಕಾಗಿತ್ತು ನನಗೆ, ಮುಂದಕ್ಕೆ ಏನೂ ಕೇಳಲಿಲ್ಲ.

ಅವತ್ತು ಮಧ್ಯಾಹ್ನವೇ ನನ್ನ ಪ್ರಸ್ತಾವದ ಸರದಿ. ಎರಡನ್ನೂ ಸೇರಿಸಿ ಒಂದು ಮಾಡಿ ಅನ್ನಬೇಕಾದವಳು ಎದ್ದು ನಿಂತು, ನನ್ನ ಕಾಗದವನ್ನು ನಾನೇ ಬದಲಾಯಿಸುತ್ತೇನೆ ಅಂದೆ. ಇನ್ನೊಂದು ಅಂಕಿ ಖಾಲಿ ಇದೆ, ಅದನ್ನು "ಗೊತ್ತಿಲ್ಲ" ಅನ್ನುವುದಕ್ಕೆ ಕೊಡಿ. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಅಂತಲೇ ಜನರಿಗೆ ಹೇಳೋಣ. ಮಿಸ್ ಲಿಮ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಆಕ್ಷೇಪ ಇದೆಯಾ ಅಂದರು. ಆ ಮೌನ ಬಂತು. ಈ ಸಲ ದೇವರೇ ಯಾರೂ ಮಾತಾಡದಿರಲಿ ಅಂತ ಸೀರೆಯ ಸೆರಗು ಬಿಗಿಯಾಗಿ ಹಿಡಿದು ನಿಂತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಕೆಮ್ಮಿ, "ದುಡ್ಡು ಕೊಡುವ ಗ್ರಾಹಕರಿಗೆ ನಮಗೆ ಗೊತ್ತಿಲ್ಲ ಅಂತ ಹೇಳಲು ಯಾವ ಕಂಪನಿಯೂ ಒಪ್ಪುವುದಿಲ್ಲ" ಅಂದ. ಒಂದಿಷ್ಟು ಜನ ನಕ್ಕರು. ಅಲ್ಲಿಗೆ ಮುಗಿಯಿತು. ಎರಡು ಅಂಕಿ ಎರಡಾಗಿಯೇ ಉಳಿದವು, ಖಾಲಿ ಇದ್ದದ್ದು ಖಾಲಿಯಾಗಿಯೇ ಉಳಿಯಿತು. ಬಾಸಿನ ಮೆಸೇಜು ಸಂಜೆಯೊಳಗೆ ಬಂತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೌಗಾಂಗ್, ಕೊನೆಯ ಸಂಜೆ

ಮೊದಲು ಅಶ್ವಿನಿಗೆ ಹೇಳಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, ಸಲ್ವಾರಿನ ದುಪಟ್ಟಾ ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ನಾನೂ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದೆ. "ಅತ್ತೆಗೆ ನೀವೇ ಹೇಳಿ ಆಂಟಿ, ನನ್ನಿಂದಾಗಲ್ಲ" ಅಂದಳು.

ಜಲಜಮ್ಮ ಕಿಟಕಿ ಪಕ್ಕದಲ್ಲೇ ಇದ್ದರು. ಎದುರಿಗೆ ಮಣೆ ಹಾಕಿಕೊಂಡು ಕೂತು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಕೈ ಫೋನಿನ ಮೇಲೆ ಓಡಾಡುವುದನ್ನು ನಿಲ್ಲಿಸಿತು.

"ಹಾಗಾದ್ರೆ ಸ್ವಿಚ್ ಆಫ್ ಅಂದದ್ದು ಅವ ಅಲ್ಲ."

"ಅಲ್ಲಮ್ಮ."

"ಮೊದಲು ಏರಿಯಾದ ಹೊರಗೆ ಅಂದದ್ದು?"

"ಅದೂ ಅಲ್ಲ."

"ಇಷ್ಟು ದಿನ ನನ್ನ ಹತ್ರ ಮಾತಾಡಿದ್ದು ಯಾರು ಹಾಗಾದ್ರೆ?"

"ನಾವೇ ಅಮ್ಮ. ನನ್ನಂಥವರು. ಒಂದು ರೂಮಿನಲ್ಲಿ ಕೂತು, ಇಂಥದ್ದಕ್ಕೆ ಹೀಗೆ ಹೇಳಿ ಅಂತ ಮಾಡಿಟ್ಟಿದ್ದು."

ಅವರು ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟರು. ಹೊರಗೆ ಕಾರಿಡಾರಿನಲ್ಲಿ ಯಾರೋ ಊದುಬತ್ತಿ ಹಚ್ಚುತ್ತಿದ್ದರು. "ನನಗೆ ಯಾರೂ ಸರಿ ಹೇಳ್ಲಿಲ್ಲ ಮಾರಾಯ್ತಿ" ಅಂದರು. "ಕಂಪನಿಯವರು ನಾಪತ್ತೆ ಅಂದ್ರು. ಇವಳು ಕಾಂಟ್ಯಾಕ್ಟ್ ಇಲ್ಲ ಅಂದ್ಳು. ಫೋನು ಏರಿಯಾ ಅಂತು. ಒಬ್ಬರೂ ಆ ಒಂದು ಮಾತು ಬಾಯಿ ಬಿಟ್ಟು ಹೇಳ್ಲಿಲ್ಲ. ಹೇಳದೆ ನಾನು ಹೇಗೆ ಒಪ್ಪುದು? ನಿಮ್ಮವರೇ ಅಲ್ವಾ ಅದಕ್ಕೆ ಮಾತು ಕೊಡುದು. ನೀವು ಹೇಳಿ. ನೀವು ಹೇಳಿದ್ರೆ ಒಪ್ತೇನೆ."

ಇಪ್ಪತ್ತು ದೇಶದವರ ಮುಂದೆ ಗೊತ್ತಿಲ್ಲ ಅಂತ ಹೇಳೋಣ ಅಂದು ಬಂದವಳು ನಾನು. ಆದರೆ ಆ ತಾಯಿ ಕೇಳುತ್ತಿದ್ದದ್ದು ಗೊತ್ತಿಲ್ಲ ಅನ್ನುವ ಉತ್ತರವನ್ನಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಶ್ವಿನಿ ನಿಂತಿದ್ದಳು. ಹೇಳಿದೆ.

"ಪ್ರಶಾಂತ್ ಇಲ್ಲ ಅಮ್ಮ. ತೀರಿಕೊಂಡಿದ್ದಾರೆ."

ಜಲಜಮ್ಮ ಕಣ್ಣು ಮುಚ್ಚಿದರು. ಆಮೇಲೆ ಫೋನನ್ನು ಸೊಸೆಯ ಕಡೆ ಚಾಚಿ, "ಊರಿಗೆ ಟಿಕೆಟ್ ಮಾಡು" ಅಂದರು. ಅಶ್ವಿನಿ ಓಡಿಬಂದು ಅವರ ಮಡಿಲಲ್ಲಿ ತಲೆ ಇಟ್ಟಳು. ಆ ಮನೆಯಲ್ಲಿ ಅವರಿಬ್ಬರೂ ಸೇರಿ ಅತ್ತದ್ದು ಅದೇ ಮೊದಲು ಅಂತ ಕಾಣುತ್ತದೆ. ನಾನು ಎದ್ದು ಕಾರಿಡಾರಿಗೆ ಬಂದು ನಿಂತೆ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅನ್ನಿಸಿತ್ತು.

ಗೇಟಿನ ಹತ್ತಿರ

ಮರುದಿನ ರಾತ್ರಿ ಏರ್‌ಪೋರ್ಟಿನಲ್ಲಿ ಹೆಂಕ್ ಸಿಕ್ಕಿದ. ಅವನ ವಿಮಾನ ಪಕ್ಕದ ಗೇಟಿನಿಂದ. ಕಾಫಿ ಕೊಡಿಸಿ, ನೀನು ಹೇಳಿದ ಒಂದು ಮಾತಿನಿಂದ ಒಂದು ಸಂಸಾರ ಉಳಿಯಿತು ಅಂತ ಈ ಸಲ ಪೂರ್ತಿ ಕಥೆ ಹೇಳಿದೆ. ಮುಳುಗಿದ ಹಡಗು ಅನ್ನುವ ಮಾತು ಬಂದಾಗ ಅವನು ಲೋಟ ಕೆಳಗಿಟ್ಟ.

"ಎಕ್ಸ್‌ಚೇಂಜು ಎಲ್ಲಿತ್ತು? ದಡದಲ್ಲೋ, ಹಡಗಿನಲ್ಲೋ?"

"ಹಡಗಿನಲ್ಲೇ ಇರುತ್ತದಲ್ಲ, ನಿಮ್ಮ ಎಕ್ಸ್‌ಚೇಂಜಿನ ಪೆಟ್ಟಿಗೆ?"

"ಹೌದು. ಕ್ಯಾಪ್ಟನ್ ನಿಲ್ಲುವ ಕೋಣೆಯ ಹಿಂದೆ ಒಂದು ಕಪಾಟಿನಲ್ಲಿ. ಅಂಥವನ್ನು ನಾನೇ ಎಷ್ಟೋ ಕೂರಿಸಿದ್ದೇನೆ." ಅವನು ಗಡ್ಡ ಕೆರೆದುಕೊಂಡ. "ಮರೆತಿದ್ದೇನೆ ಅನ್ನುವ ಸಂದೇಶವನ್ನು ಕೊನೆಗೆ ಯಾವ ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಆ ಫೋನು ಇತ್ತೋ ಅದೇ ಕಳಿಸಬೇಕು. ಬೇರೆಯವರು ಕಳಿಸಿದರೆ ಊರಿನ ನೆಟ್‌ವರ್ಕು ತೆಗೆದುಕೊಳ್ಳುವುದಿಲ್ಲ. ಒಬ್ಬರ ಮನುಷ್ಯನನ್ನು ಇನ್ನೊಬ್ಬರು ಮರೆಯಬಾರದು ಅಂತ ನಾವೇ ಹಾಗೆ ಮಾಡಿದ್ದು."

ಆ ಸಂದೇಶದಲ್ಲಿ ಏನಿದೆ ಅಂತ ಅಷ್ಟು ಹೊಡೆದಾಡಿದ್ದೆ, ಎಲ್ಲಿಂದ ಬಂತು ಅಂತ ಒಮ್ಮೆಯೂ ಕೇಳಿರಲಿಲ್ಲ. ನನ್ನ ಕೆಲಸವೇ ಹಾಗೆ, ಅರ್ಥ ಸಿಕ್ಕಿದರೆ ಸಾಕು, ಹೇಳಿದವರು ಯಾರು ಅಂತ ನೋಡುವುದಿಲ್ಲ. ಫೋನು ತಾನೇ ಹೋಗಿ ಬರುತ್ತೇನೆ ಅಂದರೂ ಆ ಪೆಟ್ಟಿಗೆಯ ಮೂಲಕವೇ ಬರಬೇಕು. ಮರೆತಿದ್ದೇನೆ ಅಂತ ಬಂದರೂ ಆ ಪೆಟ್ಟಿಗೆಯೇ ಹೇಳಬೇಕು. ಆ ಪೆಟ್ಟಿಗೆ ಒಂದು ವರ್ಷದಿಂದ ಸಮುದ್ರದ ತಳದಲ್ಲಿದೆ. ಅದು ಮಾತಾಡಿದ್ದು ಈ ವಾರ.

"ಎಲ್ಲೋ ಏನೋ ತಪ್ಪಾಗಿರಬೇಕು" ಅಂದ ಹೆಂಕ್.

"ಆಗಿರಬೇಕು" ಅಂದೆ.

ಅವನು ಕೈಕುಲುಕಿ ತನ್ನ ಗೇಟಿಗೆ ಹೋದ. ನನ್ನ ಫೋನು ಕುಯ್‌ಗುಟ್ಟಿತು. ಅಶ್ವಿನಿಯ ಮೆಸೇಜು: "ಆಂಟಿ, ಟಿಕೆಟ್ ಬುಕ್ ಆಯ್ತು. ಭಟ್ರ ಹತ್ರನೂ ಮಾತಾಡಿದೆ. ಅತ್ತೆ ಇವತ್ತು ಸಂಜೆ ಕಾಲ್ ಮಾಡ್ಲಿಲ್ಲ. ನೀವು ಹೇಳಿದ್ದಕ್ಕೆ ಒಪ್ಪಿದ್ದು, ಇಲ್ದಿದ್ರೆ ಒಪ್ತಾ ಇರ್ಲಿಲ್ಲ."

ಏನು ಬರೆಯಲಿ? ನಾನು ಹೇಳಿದ್ದು ಸುಳ್ಳೋ ನಿಜವೋ ನನಗೇ ಗೊತ್ತಿಲ್ಲ ಅಂತ ಬರೆಯಲೇ? ಆ ಮುದುಕಿ ಮತ್ತೆ ಕಿಟಕಿ ಪಕ್ಕ ಕೂರುತ್ತಾರೆ, ಅಶ್ವಿನಿ ಮತ್ತೆ ಅಳು ನುಂಗಿಕೊಂಡು ಬ್ಯಾಂಕಿಗೆ ಹೋಗುತ್ತಾಳೆ. ಬರೆಯದಿದ್ದರೆ, ನನ್ನ ಒಂದು ಮಾತು ನಂಬಿ ತಾಯಿ ಮಗನಿಗೆ ಪಿಂಡ ಇಡಿಸುತ್ತಾರೆ. ಬೋರ್ಡಿಂಗ್ ಅಂತ ಕೂಗಿದರು, ಜನ ಸಾಲು ನಿಂತರು. ಕೊನೆಗೆ "ಒಳ್ಳೇದಾಯ್ತು ಕಂದ" ಅಂತ ಟೈಪ್ ಮಾಡಿ ಕಳಿಸಿದೆ, ಫೋನು ಸ್ವಿಚ್ ಆಫ್ ಮಾಡಿದೆ.